ಹುಟ್ಟಿನಿಂದ ಬಂದ ಕೂದಲಿಗೂ ಪ್ರಮಾಣಪತ್ರ: ಜಪಾನಿನ ಶಾಲಾ ನಿಯಮಗಳ ಮುಂದೆ ನಮ್ಮ ಮಕ್ಕಳು

ಹಾಸನದ ಮಗಳು, ಹ್ಯೋಗೊ ಪ್ರಾಂತ

ಎಲ್ಲರಿಗೂ ನಮಸ್ಕಾರ. ನಮ್ಮ ಮಗಳು ಬರುವ ಏಪ್ರಿಲ್‌ನಲ್ಲಿ ಇಲ್ಲಿನ ಸರ್ಕಾರಿ ಮಾಧ್ಯಮಿಕ ಶಾಲೆಗೆ, ಅಂದರೆ ನಮ್ಮ ಲೆಕ್ಕದ ಏಳನೆಯ ತರಗತಿಗೆ ಸೇರಲಿದ್ದಾಳೆ. ಆರು ವರ್ಷ ಅವಳು ಓದಿದ ಪ್ರಾಥಮಿಕ ಶಾಲೆಯಲ್ಲಿ ಸಮವಸ್ತ್ರ ಇರಲಿಲ್ಲ. ಬೆನ್ನಿಗೆ ರಾಂದೊಸೆರು ಚೀಲ ಏರಿಸಿ, ಗುಂಗುರು ಕೂದಲಿಗೆ ಬಣ್ಣದ ಬ್ಯಾಂಡ್ ಕಟ್ಟಿಕೊಂಡು, ಕಿವಿಯಲ್ಲಿ ಚಿಕ್ಕ ಓಲೆ ಇಟ್ಟುಕೊಂಡೇ ಅವಳು ಹೋಗಿ ಬರುತ್ತಿದ್ದಳು. ಒಂದು ದಿನವೂ ಯಾರೂ ಏನೂ ಅನ್ನಲಿಲ್ಲ.

ಕಳೆದ ವಾರ ಹೊಸ ಶಾಲೆಯಲ್ಲಿ ಪೋಷಕರ ಸಭೆ ನಡೆಯಿತು. ಅಲ್ಲಿ ಕೊಟ್ಟ ಪುಸ್ತಿಕೆಯಲ್ಲಿ ಎರಡು ಪುಟ ಪೂರ್ತಿ ಮಕ್ಕಳ ತೋರ್ಕೆಯ ಬಗ್ಗೆಯೇ ಇದೆ. ಕೂದಲು ಹೆಗಲಿಗೆ ತಾಗುವಂತಿದ್ದರೆ ಕಟ್ಟಬೇಕು. ಕಟ್ಟುವ ರಬ್ಬರು ಕಪ್ಪು, ಕಡುನೀಲಿ ಅಥವಾ ಕಂದು ಬಣ್ಣದ್ದೇ ಆಗಿರಬೇಕು. ಗಂಟು ಕಿವಿಯ ಮಟ್ಟಕ್ಕಿಂತ ಮೇಲೆ ಹೋಗಬಾರದು. ಮುಂಗುರುಳು ಹುಬ್ಬನ್ನು ದಾಟಬಾರದು. ಬಣ್ಣ ಹಚ್ಚುವುದು, ಗುಂಗುರು ಮಾಡಿಸುವುದು, ನೆಟ್ಟಗೆ ಮಾಡಿಸುವುದು, ಹುಬ್ಬು ತಿದ್ದುವುದು ಎಲ್ಲವೂ ನಿಷಿದ್ಧ. ಕಾಲುಚೀಲ ಬಿಳಿ, ಒಳಅಂಗಿಯೂ ಬಿಳಿ. ಕಿವಿಯಲ್ಲಿ ಯಾವ ಆಭರಣವೂ ಇರುವಂತಿಲ್ಲ. ಇವುಗಳ ಜೊತೆಗೆ ನನಗೆ ಪ್ರತ್ಯೇಕವಾಗಿ ಒಂದು ನಮೂನೆಯನ್ನೂ ಕೊಟ್ಟರು. ಮಗುವಿನ ಕೂದಲು ಹುಟ್ಟಿನಿಂದಲೇ ಕಪ್ಪಲ್ಲದಿದ್ದರೆ ಅಥವಾ ನೇರವಾಗಿಲ್ಲದಿದ್ದರೆ ಪೋಷಕರು ಅದನ್ನು ಬರೆದು, ಇಲ್ಲಿ ಸಹಿಯಂತೆ ಬಳಸುವ ತಮ್ಮ ಹೆಸರಿನ ಮುದ್ರೆ ಒತ್ತಿ, ಚಿಕ್ಕಂದಿನ ಒಂದು ಫೋಟೊ ಲಗತ್ತಿಸಿ ಕೊಡಬೇಕಂತೆ. ಇದಕ್ಕೆ ಆಡುಮಾತಿನಲ್ಲಿ 'ಜಿಗೆ ಶೋಮೇಶೋ', ಅಂದರೆ ಸಹಜ ಕೂದಲಿನ ಪ್ರಮಾಣಪತ್ರ, ಎಂದು ಹೇಳುತ್ತಾರೆಂದು ಪಕ್ಕದಲ್ಲಿ ಕುಳಿತಿದ್ದ ತಾಯಿಯೊಬ್ಬರು ತಿಳಿಸಿದರು.

ಮನೆಗೆ ಬಂದು ಫೋಟೊ ಹುಡುಕಲು ಕುಳಿತೆ. ಅವಳಿಗೆ ಒಂದು ವರ್ಷ ತುಂಬಿದಾಗಿನ ಒಳ್ಳೆಯ ಚಿತ್ರ ಇರುವುದು ಧರ್ಮಸ್ಥಳದಲ್ಲಿ ಮುಡಿ ಕೊಟ್ಟ ದಿನದ್ದು. ಅದರಲ್ಲಿ ಮಗುವಿನ ತಲೆ ನುಣ್ಣಗಿದೆ, ಗಂಧ ಹಚ್ಚಿದ್ದೇವೆ. ಅದಕ್ಕೂ ಹಿಂದಿನದು ಕಿವಿ ಚುಚ್ಚಿಸಿದ ದಿನದ್ದು. ಅಜ್ಜಿಯ ತೊಡೆಯ ಮೇಲೆ ಕುಳಿತು ಅಳುತ್ತಿದ್ದಾಳೆ, ಅಕ್ಕಸಾಲಿಗರ ಕೈಯಲ್ಲಿ ಚಿನ್ನದ ತಂತಿ ಇದೆ, ತಲೆಗೆ ಟೋಪಿ ಇದೆ. ಶಾಲೆ ಕೇಳುವ ಸಾಕ್ಷ್ಯ ಈ ಎರಡರಲ್ಲಿಯೂ ಇಲ್ಲ. ನಾನು ಆಲ್ಬಮ್ ತಿರುವುತ್ತಿರುವುದನ್ನು ನೋಡುತ್ತಿದ್ದ ಮಗಳು, "ಅಮ್ಮಾ, ನನ್ನ ಕೂದಲು ಹೀಗೇ ಇದೆ ಅಂತ ಯಾಕೆ ಬರೆದುಕೊಡಬೇಕು? ನೋಡಿದರೆ ಗೊತ್ತಾಗಲ್ವಾ?" ಎಂದು ಕೇಳಿದಳು. ನನ್ನ ಬಳಿ ಉತ್ತರ ಇರಲಿಲ್ಲ.

ಶಾಲೆಯೊಡನೆ ಜಗಳಕ್ಕೆ ನಿಲ್ಲುವ ಉದ್ದೇಶ ನನಗಿಲ್ಲ. ಆದರೆ ಈ ಕಾಗದಕ್ಕೆ ಸಹಿ ಹಾಕುವ ಮೊದಲು ಇದು ಎಲ್ಲಿಂದ ಬಂತು, ಏನು ಕೇಳಬಹುದು, ಎಲ್ಲಿ ಸುಮ್ಮನಿರಬೇಕು ಎಂಬುದು ತಿಳಿದಿರಬೇಕು ಎನಿಸಿದೆ. ಅನುಭವ ಇರುವವರು ದಯವಿಟ್ಟು ಬರೆಯಿರಿ.

ನಿಶಿ ಕಸಾಯ್ ನಿವಾಸಿ, ಟೋಕಿಯೊ

ಅಕ್ಕ, ನಿಮ್ಮ ಬರಹ ಓದಿ ಮನಸ್ಸು ಭಾರವಾಯಿತು. ನಮ್ಮ ಎದೊಗಾವಾ ಭಾಗದಲ್ಲಿ ಭಾರತೀಯರು ಹೆಚ್ಚು. ಬಹಳ ಮಂದಿ ಮಕ್ಕಳನ್ನು ಭಾರತೀಯ ಶಾಲೆಗಳಿಗೇ ಕಳಿಸುವುದರಿಂದ ಈ ಪ್ರಶ್ನೆ ನಮ್ಮ ನಡುವೆ ಅಷ್ಟಾಗಿ ಏಳುವುದಿಲ್ಲ. ಜಪಾನಿ ಸರ್ಕಾರಿ ಶಾಲೆಗೆ ಕಳಿಸಿದವರಿಗೆ ಮಾತ್ರ ಹನ್ನೆರಡನೆಯ ವಯಸ್ಸಿನಲ್ಲಿ ಈ ಬಾಗಿಲು ಎದುರಾಗುತ್ತದೆ.

ಇದನ್ನು ಪುರಾತನ ಜಪಾನಿನ ಸಂಸ್ಕೃತಿ ಎಂದು ತಿಳಿಯುವುದು ತಪ್ಪಾಗುತ್ತದೆ. ಇಂದಿನ ಬಿಗಿ ನಿಯಮಗಳ ದೊಡ್ಡ ಪಾಲು ಬೆಳೆದದ್ದು 1970ರ ದಶಕದ ಕೊನೆ ಮತ್ತು 80ರ ದಶಕದಲ್ಲಿ. ಆಗ ಮಾಧ್ಯಮಿಕ ಶಾಲೆಗಳಲ್ಲಿ ಕಿಟಕಿ ಗಾಜು ಒಡೆಯುವುದು, ಶಿಕ್ಷಕರ ಮೇಲೆ ಕೈ ಮಾಡುವುದು ದೇಶದಾದ್ಯಂತ ಸುದ್ದಿಯಾಗಿತ್ತು. ಆ ಪುಂಡ ಹುಡುಗರು ಕೂದಲನ್ನು ಗುಂಗುರು ಮಾಡಿಸಿ, ಬಣ್ಣ ಹಚ್ಚಿ, ಸಮವಸ್ತ್ರವನ್ನು ಉದ್ದುದ್ದ ಹೊಲಿಸಿಕೊಳ್ಳುತ್ತಿದ್ದರು. ಹಾಗಾಗಿ ಶಿಕ್ಷಕರಿಗೆ ಕೂದಲೇ ಮುನ್ಸೂಚನೆಯಾಯಿತು. "ಉಡುಪು ಕೆಟ್ಟರೆ ಮನಸ್ಸು ಕೆಟ್ಟಂತೆ" ಎಂಬ ಅರ್ಥದ ಮಾತು ಇಲ್ಲಿನ ಶಾಲೆಗಳಲ್ಲಿ ಇಂದಿಗೂ ಬಳಕೆಯಲ್ಲಿದೆ. ಪುಂಡಾಟ ಹಿಂದೆ ಸರಿದ ಮೇಲೂ ಅದನ್ನು ಹಿಡಿಯಲು ಹೆಣೆದ ಬಲೆ ಹಾಗೆಯೇ ಉಳಿಯಿತು. ಈಗ ಅದಕ್ಕೆ ಸಿಕ್ಕುತ್ತಿರುವುದು ನಿಮ್ಮ ಮಗಳಂತಹ, ಹುಟ್ಟಿನಿಂದಲೇ ಗುಂಗುರು ಕೂದಲಿನ ಮಕ್ಕಳು.

ಬಿಗಿತನ ಎಲ್ಲಿಗೆ ಮುಟ್ಟಿತ್ತು ಎಂಬುದನ್ನು ಇಲ್ಲಿನವರು ಮರೆತಿಲ್ಲ. 1990ರ ಜುಲೈ 6ರಂದು, ನಿಮ್ಮದೇ ಹ್ಯೋಗೊ ಪ್ರಾಂತದ ಕೋಬೆಯ ಪ್ರೌಢಶಾಲೆಯೊಂದರಲ್ಲಿ, ತಡವಾಗಿ ಬರುವವರನ್ನು ತಡೆಯಲು ಬೆಳಗ್ಗೆ ಎಂಟೂವರೆಗೆ ಸರಿಯಾಗಿ ಶಿಕ್ಷಕರೊಬ್ಬರು ಕಬ್ಬಿಣದ ಗೇಟನ್ನು ಎಳೆದು ಮುಚ್ಚಿದರು. ಒಳಗೆ ಓಡಿ ಬರುತ್ತಿದ್ದ ಹದಿನೈದರ ಹುಡುಗಿ ಅದರ ನಡುವೆ ಸಿಲುಕಿ ಸತ್ತಳು. ಅದು ಕೂದಲಿನ ನಿಯಮವಲ್ಲ, ಸಮಯದ ನಿಯಮ. ಆದರೂ ನಿಯಮ ಮಗುವಿಗಿಂತ ದೊಡ್ಡದಾದಾಗ ಏನಾಗುತ್ತದೆ ಎಂದು ಆಗ ಇಡೀ ದೇಶ ನಿಂತು ಯೋಚಿಸಿತು. ಹಲವು ಶಾಲೆಗಳು ತಮ್ಮ ನಿಯಮಗಳನ್ನು ಮರುಪರಿಶೀಲಿಸಿದವು. ಕೆಲ ವರ್ಷಗಳಲ್ಲಿ ಆ ಯೋಚನೆ ಮಾಸಿಹೋಯಿತು.

ಸಮಾಧಾನದ ಸಂಗತಿಯೂ ಇದೆ. 2020ರ ಮಾರ್ಚ್‌ನಲ್ಲಿ ಟೋಕಿಯೊ ಮಹಾನಗರದ ಶಾಸನಸಭೆಯಲ್ಲಿ ಸದಸ್ಯರೊಬ್ಬರು, ಪಕ್ಕದ ಕೂದಲನ್ನು ಗಿಡ್ಡ ಮಾಡಿ ಮೇಲಿನದನ್ನು ಬಿಡುವ 'ಟು ಬ್ಲಾಕ್' ಕಟಿಂಗನ್ನು ಯಾವ ಕಾರಣಕ್ಕೆ ನಿಷೇಧಿಸಿದ್ದೀರಿ ಎಂದು ಕೇಳಿದರು. ಅಂತಹ ತೋರ್ಕೆಯಿಂದ ಮಕ್ಕಳು ಅಪರಾಧ ಅಥವಾ ಅಪಘಾತಕ್ಕೆ ಸಿಲುಕುವ ಸಂಭವವಿದೆ ಎಂದು ಶಿಕ್ಷಣಾಧಿಕಾರಿ ಉತ್ತರಿಸಿದರು. ಆ ಉತ್ತರ ಕೇಳಿದ ಜನ ಸುಮ್ಮನಾಗಲಿಲ್ಲ. ಎರಡು ವರ್ಷದ ತರುವಾಯ, 2022ರ ಏಪ್ರಿಲ್‌ನಿಂದ, ಟೋಕಿಯೊ ಮಹಾನಗರದ ಸುಮಾರು ಇನ್ನೂರು ಸರ್ಕಾರಿ ಪ್ರೌಢಶಾಲೆಗಳು ಆ ನಿಷೇಧವನ್ನು, ಎಲ್ಲರ ಕೂದಲೂ ಕಪ್ಪಾಗಿರಬೇಕೆಂಬ ಒತ್ತಾಯವನ್ನು, ಒಳಉಡುಪಿನ ಬಣ್ಣದ ನಿಯಮವನ್ನು, "ವಿದ್ಯಾರ್ಥಿಗೆ ತಕ್ಕಂತೆ ಇರಬೇಕು" ಎಂಬಂತಹ ಅಸ್ಪಷ್ಟ ವಾಕ್ಯಗಳನ್ನು ಕೈಬಿಟ್ಟವು. ಅದೇ ವರ್ಷ ಡಿಸೆಂಬರ್‌ನಲ್ಲಿ ಶಿಕ್ಷಣ ಸಚಿವಾಲಯವು ಶಿಕ್ಷಕರ ಮಾರ್ಗದರ್ಶಿಯನ್ನು ಹನ್ನೆರಡು ವರ್ಷಗಳ ಬಳಿಕ ಪರಿಷ್ಕರಿಸಿತು. ನಿಯಮಗಳನ್ನು ಶಾಲೆಯ ಜಾಲತಾಣದಲ್ಲಿ ಪ್ರಕಟಿಸುವುದು, ಅವುಗಳ ಪರಿಶೀಲನೆಯಲ್ಲಿ ಮಕ್ಕಳನ್ನೂ ಸೇರಿಸಿಕೊಳ್ಳುವುದು ಒಳ್ಳೆಯದೆಂದು ಅದರಲ್ಲಿ ಬರೆದಿದೆ. ಶಾಲೆಗೆ ಹೋದಾಗ ಆ ಮಾರ್ಗದರ್ಶಿಯ ಹೆಸರು ಹೇಳಿ. 'ಸೇಯ್‌ತೊ ಶಿದೊ ತೇಯ್‌ಯೊ' ಎಂದರೆ ಪ್ರತಿಯೊಬ್ಬ ಶಿಕ್ಷಕರಿಗೂ ಗೊತ್ತು.

ನಿವೃತ್ತ ಮೇಷ್ಟ್ರು, ಸಾಗರ

ಸರ್ಕಾರಿ ಪ್ರೌಢಶಾಲೆಯಲ್ಲಿ ಮೂವತ್ತೊಂದು ವರ್ಷ ಪಾಠ ಹೇಳಿದವನು ನಾನು. ನನ್ನ ಅಭಿಪ್ರಾಯ ಇಲ್ಲಿ ಬರೆದವರಿಗೆ ಹಿಡಿಸದಿರಬಹುದು, ಆದರೂ ಹೇಳುವುದು ನನ್ನ ಕರ್ತವ್ಯ ಎಂದುಕೊಂಡಿದ್ದೇನೆ.

ನಮ್ಮ ಶಾಲೆಯಲ್ಲಿ ಹೆಣ್ಣುಮಕ್ಕಳು ತಲೆಗೆ ಎಣ್ಣೆ ಹಚ್ಚಿ, ಎರಡು ಜಡೆ ಹೆಣೆದು, ಮಡಚಿ, ರಿಬ್ಬನ್ ಕಟ್ಟಿಕೊಂಡು ಬರಬೇಕಿತ್ತು. ಗಂಡುಮಕ್ಕಳ ಕ್ರಾಪು ಕಿವಿ ಮುಚ್ಚುವಂತಿರಲಿಲ್ಲ. ಅಡಿಕೆ ತೋಟದ ಯಜಮಾನರ ಮಗಳೂ, ಅದೇ ತೋಟದಲ್ಲಿ ಕೊನೆ ಕೊಯ್ಯುವವರ ಮಗಳೂ ಪ್ರಾರ್ಥನೆಯ ಸಾಲಿನಲ್ಲಿ ನಿಂತರೆ ಯಾರು ಯಾರೆಂದು ಹೊಸಬರಿಗೆ ತಿಳಿಯುತ್ತಿರಲಿಲ್ಲ. ಸಮವಸ್ತ್ರದ ಬಲ ಇರುವುದು ಅಲ್ಲಿ. ಬಂಗಾರದ ಬಳೆ ಹಾಕಿಕೊಂಡು ಬಂದ ಹುಡುಗಿಗೆ ನಾನೇ ಬಿಚ್ಚಿಟ್ಟು ಬಾ ಎಂದು ಹೇಳಿ ಕಳಿಸಿದ್ದುಂಟು. ಪಕ್ಕದಲ್ಲಿ ಕುಳಿತವಳ ಬರಿಗೈ ನನ್ನ ಕಣ್ಣಿಗೆ ಬಿದ್ದಿತ್ತು.

ಕಾಲಕ್ಕೆ ತಕ್ಕ ಕೋಲ ಎನ್ನುತ್ತಾರೆ ಹಿರಿಯರು. ಬೇರೆ ದೇಶದಲ್ಲಿ ಇದ್ದುಕೊಂಡು, ಅವರ ಸರ್ಕಾರ ನಡೆಸುವ ಶಾಲೆಯಲ್ಲಿ ಮಗಳನ್ನು ಓದಿಸುವಾಗ, ಓಲೆಯನ್ನು ಶಾಲೆಯ ವೇಳೆಗೆ ತೆಗೆದಿಡುವುದರಿಂದ ಆ ತಾಯಿ ಕಳೆದುಕೊಳ್ಳುವುದು ಏನೆಂದು ನನಗೆ ಅರ್ಥವಾಗಲಿಲ್ಲ. ಹನ್ನೆರಡು ವರ್ಷದ ಮಗುವಿಗೆ ನಿಯಮ ಪಾಲಿಸುವುದಕ್ಕಿಂತ ಮೊದಲು ಅದನ್ನು ಪ್ರಶ್ನಿಸುವುದನ್ನು ಕಲಿಸಿದರೆ, ಆ ಮಗುವಿಗೇ ಅಲ್ಲಿ ಬದುಕು ಕಷ್ಟವಾಗುತ್ತದೆ. ಇದು ನನ್ನ ನಿಜವಾದ ಕಾಳಜಿ.

ವಕೀಲೆ, ಹುಬ್ಬಳ್ಳಿ

ಮೇಷ್ಟ್ರೇ, ನಿಮ್ಮ ಕಾಳಜಿಗೆ ಗೌರವವಿದೆ. ಆದರೆ ಬಳೆ ಬಿಚ್ಚಿಡು ಎನ್ನುವುದಕ್ಕೂ ನಿನ್ನ ಕೂದಲು ನಿನ್ನದೇ ಎಂದು ಸಾಬೀತುಪಡಿಸು ಎನ್ನುವುದಕ್ಕೂ ನಡುವೆ ದೊಡ್ಡ ಅಂತರವಿದೆ. ಬಳೆಯನ್ನು ಸಂಜೆ ಮತ್ತೆ ತೊಡಬಹುದು. ಬಣ್ಣ ಹಚ್ಚಿಸಿಕೊಂಡ ತಲೆಯನ್ನು ಸಂಜೆ ಬಿಚ್ಚಿಡಲು ಆಗುವುದಿಲ್ಲ. ಶಾಲೆಯ ನಿಯಮ ಮಗುವಿನ ಜೊತೆ ಮನೆಗೂ ಹೋಗುತ್ತದೆ, ನಿದ್ದೆಯಲ್ಲೂ ಅವಳ ಮೈಮೇಲೆ ಇರುತ್ತದೆ.

ಓಸಾಕಾ ಪ್ರಾಂತದ ಪ್ರಕರಣವನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕು. 2015ರ ಏಪ್ರಿಲ್‌ನಲ್ಲಿ ಹಬಿಕಿನೊ ನಗರದ ಸರ್ಕಾರಿ ಪ್ರೌಢಶಾಲೆಗೆ ಒಬ್ಬ ಹುಡುಗಿ ಸೇರಿದಳು. ಮಗಳ ಕೂದಲು ಹುಟ್ಟಿನಿಂದಲೇ ಕಂದು ಎಂದು ತಾಯಿ ಸೇರ್ಪಡೆಯ ಹೊತ್ತಿನಲ್ಲೇ ತಿಳಿಸಿದ್ದರು. ಆದರೂ ಕಪ್ಪು ಬಣ್ಣ ಹಚ್ಚಿ ಬರುವಂತೆ ಮತ್ತೆ ಮತ್ತೆ ಹೇಳಲಾಯಿತು, ಬರಬರುತ್ತಾ ಕೆಲವೇ ದಿನಗಳಿಗೊಮ್ಮೆ ಹಚ್ಚಬೇಕಾಗಿ ಬಂದು ನೆತ್ತಿಯ ಚರ್ಮ ನೋಯುವಂತಾಯಿತು ಎಂಬುದು ಅವಳ ದೂರು. 2016ರ ಸೆಪ್ಟೆಂಬರ್‌ನಿಂದ ಅವಳು ಶಾಲೆಗೆ ಹೋಗುವುದನ್ನು ನಿಲ್ಲಿಸಿದಳು. ಮುಂದಿನ ತರಗತಿ ಆರಂಭವಾದಾಗ ಹಾಜರಿ ಪಟ್ಟಿಯಲ್ಲಿ ಅವಳ ಹೆಸರಿರಲಿಲ್ಲ, ಕೋಣೆಯಲ್ಲಿ ಅವಳ ಮೇಜು ಇರಲಿಲ್ಲ. 2017ರಲ್ಲಿ ಅವಳು ಸುಮಾರು 22 ಲಕ್ಷ ಯೆನ್ ಪರಿಹಾರ ಕೋರಿ ದಾವೆ ಹೂಡಿದಳು.

2021ರ ಫೆಬ್ರವರಿ 16ರಂದು ಓಸಾಕಾ ಜಿಲ್ಲಾ ನ್ಯಾಯಾಲಯ ತೀರ್ಪು ಕೊಟ್ಟಿತು. ಮೇಜು ತೆಗೆದದ್ದು, ಹೆಸರು ತೆಗೆದದ್ದು ತಪ್ಪು ಎಂದು 3 ಲಕ್ಷ 30 ಸಾವಿರ ಯೆನ್ ಕೊಡಲು ಆದೇಶಿಸಿತು. ಆದರೆ ಕೂದಲಿನ ನಿಯಮಕ್ಕೆ ಶೈಕ್ಷಣಿಕ ಉದ್ದೇಶವಿದೆ, ಅದು ಶಾಲೆಯ ವಿವೇಚನೆಯ ಮಿತಿಯೊಳಗಿದೆ ಎಂದಿತು. ಕೂದಲಿನ ಬುಡ ಕಪ್ಪಾಗಿತ್ತೆಂಬ ಶಿಕ್ಷಕರ ಹೇಳಿಕೆಯನ್ನೂ ಒಪ್ಪಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಮೇಲ್ಮನವಿ ನ್ಯಾಯಾಲಯವೂ ಇದನ್ನೇ ಎತ್ತಿಹಿಡಿಯಿತು. 2022ರಲ್ಲಿ ಸರ್ವೋಚ್ಚ ನ್ಯಾಯಾಲಯದಲ್ಲಿ ಮೇಲ್ಮನವಿ ತಿರಸ್ಕೃತವಾಯಿತು. ತಾಯಿ ಹೇಳಿದ ಮಾತು, ಮಗಳು ಹೇಳಿದ ಮಾತು ಒಂದು ಕಡೆ. ಅವಳ ನೆತ್ತಿಯನ್ನು ಬಗ್ಗಿ ನೋಡಿದ ಶಿಕ್ಷಕರ ಮಾತು ಇನ್ನೊಂದು ಕಡೆ. ತಕ್ಕಡಿ ಯಾವ ಕಡೆಗೆ ತೂಗಿತು ಎಂಬುದನ್ನು ಗಮನಿಸಿ.

ಜಪಾನಿನ ನ್ಯಾಯಾಲಯಗಳ ನಿಲುವು ಹಳೆಯದೇ. 1985ರಲ್ಲಿ, ಗಂಡುಮಕ್ಕಳೆಲ್ಲ ತಲೆಯನ್ನು ಬೋಳಿನಂತೆ ಕತ್ತರಿಸಿಕೊಳ್ಳಬೇಕೆಂಬ ನಿಯಮವನ್ನು ಕುಮಾಮೊತೊ ಜಿಲ್ಲಾ ನ್ಯಾಯಾಲಯ ಕಾನೂನುಬಾಹಿರವೆಂದು ಹೇಳಲು ಒಪ್ಪಲಿಲ್ಲ. 1996ರಲ್ಲಿ, ಖಾಸಗಿ ಶಾಲೆಯೊಂದರಲ್ಲಿ ಕೂದಲು ಗುಂಗುರು ಮಾಡಿಸಿಕೊಂಡು ಶಾಲೆ ಬಿಡಬೇಕಾದ ಹುಡುಗಿಯ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಶಾಲೆಯ ಪರ ನಿಂತಿತು. ಇಂತಹ ನಿಯಮ ಮಾಡಲು ಶಾಲೆಗೆ ನೇರ ಅಧಿಕಾರ ಕೊಡುವ ಸ್ಪಷ್ಟ ಕಾನೂನು ಜಪಾನಿನಲ್ಲಿ ಇಲ್ಲ. ಮುಖ್ಯೋಪಾಧ್ಯಾಯರ ವಿವೇಚನೆ ಎಂಬ ಒಂದೇ ಕಂಬದ ಮೇಲೆ ಇಡೀ ಚಪ್ಪರ ನಿಂತಿದೆ. ಆದ್ದರಿಂದ, ಹಾಸನದ ಅಕ್ಕನವರೇ, ಕೋರ್ಟಿನ ಬಲ ನಿಮ್ಮ ಕಡೆ ಇಲ್ಲ. ಆದರೆ ನಿಯಮ ಮಾಡುವುದು ಮುಖ್ಯೋಪಾಧ್ಯಾಯರ ವಿವೇಚನೆಗೆ ಬಿಟ್ಟದ್ದಾದರೆ, ಸಡಿಲಿಸುವುದೂ ಅವರ ವಿವೇಚನೆಯೇ. ಮಾತುಕತೆಗೆ ಅಲ್ಲಿ ಜಾಗವಿದೆ.

ಆಯ್ಚಿಯಲ್ಲಿ ಓದಿದವಳು, ಈಗ ಬೆಂಗಳೂರು

ಬಹಳ ದಿನದಿಂದ ಓದುತ್ತಿದ್ದೆ, ಬರೆದಿರಲಿಲ್ಲ. ಅಪ್ಪನ ಕೆಲಸದ ಕಾರಣ ನಾನು ಆಯ್ಚಿ ಪ್ರಾಂತದಲ್ಲಿ ಮಾಧ್ಯಮಿಕ ಶಾಲೆಯ ಮೂರು ವರ್ಷ ಓದಿದೆ. ಆ ಪ್ರಾಂತಕ್ಕೆ ಮಕ್ಕಳನ್ನು ಹದ್ದುಬಸ್ತಿನಲ್ಲಿಡುವ ಶಿಕ್ಷಣದ ವಿಷಯದಲ್ಲಿ ಹಿಂದಿನಿಂದಲೂ ಹೆಸರಿದೆ.

ಪ್ರತಿ ತಿಂಗಳ ಆರಂಭದಲ್ಲಿ ಒಂದು ಬೆಳಗ್ಗೆ ನಮ್ಮನ್ನು ವ್ಯಾಯಾಮದ ಸಭಾಂಗಣದಲ್ಲಿ ಸಾಲಾಗಿ ನಿಲ್ಲಿಸುತ್ತಿದ್ದರು. ಚಳಿಗಾಲದಲ್ಲಿ ಆ ಮರದ ನೆಲ ಕಾಲುಚೀಲದ ಮೂಲಕವೂ ಕೊರೆಯುತ್ತಿತ್ತು. ಶಿಕ್ಷಕರು ಒಬ್ಬೊಬ್ಬರ ಮುಂದೆ ನಿಂತು, "ಕಣ್ಣು ಮುಚ್ಚು" ಎನ್ನುತ್ತಿದ್ದರು. ಕಣ್ಣು ಮುಚ್ಚಿದಾಗ ಮುಂಗುರುಳು ಹುಬ್ಬಿಗಿಂತ ಕೆಳಗೆ ಬರುತ್ತದೆಯೇ ಎಂದು ನೋಡುವುದಕ್ಕೆ. ಆಮೇಲೆ ಕೈ ಮುಂದೆ ಚಾಚಿ ಉಗುರು ತೋರಿಸಬೇಕು. ಆಮೇಲೆ ತಿರುಗಿ ನಿಂತು ಕಿವಿಯ ಹಿಂದಿನ ಕೂದಲನ್ನು ನಾವೇ ಎತ್ತಿ ಹಿಡಿಯಬೇಕು, ಕಿವಿ ಕಾಣುವಂತೆ. ನನ್ನ ಕಿವಿಯ ತೂತು ಕಂಡ ಕೂಡಲೇ ಹೊಸದಾಗಿ ಬಂದ ಶಿಕ್ಷಕಿ ನಿಂತುಬಿಟ್ಟರು. "ಯಾವಾಗ ಚುಚ್ಚಿಸಿಕೊಂಡೆ?" ಎಂದು ಕೇಳಿದರು. "ಹುಟ್ಟಿದ ವರ್ಷ" ಎಂದೆ. ಅವರು ಬರೆದುಕೊಂಡರು. ಅವರು ಕೆಟ್ಟವರಲ್ಲ, ದನಿಯನ್ನೂ ಏರಿಸಲಿಲ್ಲ. ಆದರೆ ಸಾಲಿನಲ್ಲಿದ್ದ ಮೂವತ್ತಕ್ಕೂ ಹೆಚ್ಚು ಮಕ್ಕಳು ನನ್ನ ಕಿವಿಯನ್ನು ನೋಡಿದರು. ಅಜ್ಜಿ ಸಂಭ್ರಮದಿಂದ ಮಾಡಿಸಿದ ಕೆಲಸ ಆ ಕ್ಷಣದಲ್ಲಿ ನಾನು ಮಾಡಿದ ತಪ್ಪಿನಂತೆ ಕಂಡಿತು. ಮಾರನೆಯ ತಿಂಗಳಿಂದ ನಾನು ಕೂದಲನ್ನು ಎತ್ತುವಾಗ ಹೆಬ್ಬೆರಳಿನಿಂದ ತೂತನ್ನು ಮುಚ್ಚಿಕೊಳ್ಳುತ್ತಿದ್ದೆ.

ಮೇಷ್ಟ್ರೇ, ಮಕ್ಕಳು ಇದನ್ನೆಲ್ಲ ಸಹಿಸಿಕೊಳ್ಳುವುದು ನಿಯಮದ ಮೇಲಿನ ಗೌರವದಿಂದ ಎಂದು ಹೊರಗಿನವರಿಗೆ ಅನಿಸುತ್ತದೆ. ಒಳಗಿನ ಕಾರಣ ಬೇರೆ. ಸರ್ಕಾರಿ ಪ್ರೌಢಶಾಲೆಗೆ ಸೇರಲು ಪ್ರವೇಶ ಪರೀಕ್ಷೆಯ ಅಂಕದ ಜೊತೆಗೆ ಮಾಧ್ಯಮಿಕ ಶಾಲೆಯಿಂದ ಹೋಗುವ 'ನಾಯ್‌ಶಿನ್‌ಶೊ' ಎಂಬ ವರದಿಯೂ ಲೆಕ್ಕಕ್ಕೆ ಬರುತ್ತದೆ. ಅದನ್ನು ಬರೆಯುವವರು ಇದೇ ಶಿಕ್ಷಕರು. ರಬ್ಬರಿನ ಬಣ್ಣಕ್ಕಾಗಿ ಅಂಕ ಕಡಿಮೆ ಮಾಡುತ್ತಾರೆಂದು ಯಾರೂ ನಮಗೆ ಹೇಳಿರಲಿಲ್ಲ, ಆದರೆ ಹಾಗೆ ಆಗುವುದಿಲ್ಲ ಎಂದೂ ಯಾರೂ ಹೇಳಿರಲಿಲ್ಲ. ಹದಿನಾಲ್ಕು ವರ್ಷದ ಮಗು ಆ ಅನುಮಾನದಲ್ಲಿ ಬಾಯಿ ತೆರೆಯುವುದಿಲ್ಲ. ಗೆಳತಿಯರು ಒಬ್ಬರ ಮೇಲೊಬ್ಬರು ಕಣ್ಣಿಡುತ್ತಿದ್ದರು. ನನ್ನ ಹತ್ತಿರದ ಗೆಳತಿಯೊಬ್ಬಳೇ, ನನ್ನ ಕಾಲುಚೀಲದ ಮೇಲೆ ಚಿಕ್ಕ ಗುರುತು ಇದೆ ಎಂದು ಕಾಳಜಿಯಿಂದಲೇ ಬಂದು ಹೇಳಿದಳು. ಶಿಕ್ಷಕರಿಗೆ ಗೊತ್ತಾಗುವ ಮೊದಲು ಅದನ್ನು ಮಡಚಿಕೋ ಎಂದಳು.

ಒಳಉಡುಪಿನ ವಿಷಯವನ್ನು ಬರೆಯಲು ಸಂಕೋಚವಾಗುತ್ತದೆ, ಆದರೆ ಬರೆಯಲೇಬೇಕು. ನಾಗಸಾಕಿ ಪ್ರಾಂತದ ಶಿಕ್ಷಣ ಮಂಡಳಿ ನಡೆಸಿದ ಪರಿಶೀಲನೆಯಲ್ಲಿ ಅರ್ಧಕ್ಕಿಂತ ಹೆಚ್ಚು ಸರ್ಕಾರಿ ಮಾಧ್ಯಮಿಕ ಮತ್ತು ಪ್ರೌಢಶಾಲೆಗಳು ಒಳಉಡುಪು ಬಿಳಿಯೇ ಆಗಿರಬೇಕೆಂದು ಹೇಳುತ್ತಿದ್ದುದು 2021ರಲ್ಲಿ ಬಯಲಾಯಿತು. ಬಣ್ಣದ ನಿಯಮ ಇದ್ದ ಮೇಲೆ ಅದನ್ನು ಯಾರಾದರೂ ನೋಡಬೇಕಲ್ಲವೇ? ನಾವು ವ್ಯಾಯಾಮಕ್ಕೆ ಬಟ್ಟೆ ಬದಲಿಸುವಾಗ ಬಾಗಿಲ ಬಳಿ ನಿಂತಿರುತ್ತಿದ್ದ ಶಿಕ್ಷಕಿಯ ನೆನಪು ಇಂದಿಗೂ ನನ್ನನ್ನು ಬಿಟ್ಟಿಲ್ಲ.

ಅಕ್ಕ, ನೀವು ಫೋಟೊ ಕೊಡಬೇಡಿ. ಬೇರೆ ಎಲ್ಲಕ್ಕೂ ಒಪ್ಪಿದರೂ, ಅದೊಂದನ್ನು ಕೊಡಬೇಡಿ.

ಬ್ಯಾಂಕಾಕ್ ಕನ್ನಡಿಗ

ಚಿಕ್ಕ ಸೇರ್ಪಡೆ. ಥಾಯ್ಲೆಂಡಿನಲ್ಲಿ 1975ರ ಶಿಕ್ಷಣ ಸಚಿವಾಲಯದ ನಿಯಮದ ಪ್ರಕಾರ ಗಂಡುಮಕ್ಕಳ ತಲೆ ಸೈನಿಕರಂತೆ ಗಿಡ್ಡ, ಹೆಣ್ಣುಮಕ್ಕಳ ಕೂದಲು ಕಿವಿಯ ಮಟ್ಟಕ್ಕೆ ಎಂಬಂತಿತ್ತು. ಮೀರಿದವರ ಕೂದಲನ್ನು ಶಿಕ್ಷಕರೇ ಎಲ್ಲರೆದುರು ಅಡ್ಡಾದಿಡ್ಡಿ ಕತ್ತರಿಸುವುದೂ ನಡೆಯುತ್ತಿತ್ತು. 2020ರಲ್ಲಿ ಮಕ್ಕಳೇ ಬೀದಿಗಿಳಿದರು, ಕೆಲವರು ನ್ಯಾಯಾಲಯಕ್ಕೂ ಹೋದರು. 2025ರ ಮಾರ್ಚ್‌ನಲ್ಲಿ ಅಲ್ಲಿನ ಸರ್ವೋಚ್ಚ ಆಡಳಿತ ನ್ಯಾಯಾಲಯ ಆ ಹಳೆಯ ನಿಯಮವನ್ನು ರದ್ದುಪಡಿಸಿತು. ಜಪಾನಿನ ನ್ಯಾಯಾಲಯ ಮಾಡದ್ದನ್ನು ಇಲ್ಲಿಯದು ಮಾಡಿತು. ಆದರೂ ಶಾಲೆ ಶಾಲೆಯಲ್ಲಿ ಪದ್ಧತಿ ಬದಲಾಗಲು ಇನ್ನೂ ಕಾಲ ಹಿಡಿಯುತ್ತದೆ ಎಂಬುದು ನನ್ನ ಅನಿಸಿಕೆ.

ನಿವೃತ್ತ ಮೇಷ್ಟ್ರು, ಸಾಗರ

ಆಯ್ಚಿಯಲ್ಲಿ ಓದಿದ ಮಗಳ ಬರಹವನ್ನು ಎರಡು ಸಲ ಓದಿದೆ. ಹೆಬ್ಬೆರಳಿನಿಂದ ಕಿವಿ ಮುಚ್ಚಿಕೊಳ್ಳುತ್ತಿದ್ದೆ ಎಂದು ಬರೆದದ್ದು ರಾತ್ರಿಯೆಲ್ಲ ಕಾಡಿತು.

ಸಮವಸ್ತ್ರ ಬೇಕು ಎಂಬ ನನ್ನ ಮಾತನ್ನು ನಾನು ಹಿಂದೆ ತೆಗೆದುಕೊಳ್ಳುವುದಿಲ್ಲ. ಬಡವರ ಮಕ್ಕಳ ಮುಖ ನೋಡಿ ಹೇಳಿದ ಮಾತು ಅದು. ಆದರೆ ವಕೀಲರು ತೋರಿಸಿದ ಅಂತರವನ್ನು ಒಪ್ಪುತ್ತೇನೆ. ನಮ್ಮ ಶಾಲೆಯಲ್ಲೂ ಎಣ್ಣೆ ನಿಲ್ಲದ ಗುಂಗುರು ಕೂದಲಿನ ಒಬ್ಬ ಹುಡುಗಿ ಇದ್ದಳು. ಜಡೆ ಹೆಣೆದರೂ ಅರ್ಧ ಗಂಟೆಯಲ್ಲಿ ಬಿಚ್ಚಿಕೊಳ್ಳುತ್ತಿತ್ತು. ತಲೆ ಬಾಚಿಕೊಂಡು ಬರಲು ಆಗುವುದಿಲ್ಲವೇ ಎಂದು ಪ್ರಾರ್ಥನೆಯ ಸಾಲಿನಲ್ಲಿ ನಾನು ಅವಳನ್ನು ಎಷ್ಟೋ ಸಲ ಕೇಳಿದ್ದೇನೆ. ಅವಳು ಬಾಚಿಕೊಂಡೇ ಬರುತ್ತಿದ್ದಳು ಎಂಬುದು ಈಗ ಹೊಳೆಯುತ್ತಿದೆ. ಅವಳು ಈಗ ಎಲ್ಲಿದ್ದಾಳೋ ತಿಳಿಯದು. ಅವಳು ಒಮ್ಮೆಯೂ ಎದುರು ಮಾತಾಡಲಿಲ್ಲ. ಅದನ್ನು ನಾನು ಶಿಸ್ತು ಎಂದುಕೊಂಡಿದ್ದೆ.

ಹಾಸನದ ಮಗಳೇ, ಶಾಲೆಗೆ ಹೋಗುವಾಗ ನಿಮ್ಮ ಹುಡುಗಿಯನ್ನೂ ಕರೆದುಕೊಂಡು ಹೋಗಿ. ದೊಡ್ಡವರು ಅವಳ ಬಗ್ಗೆ ಮಾತಾಡುವಾಗ ಅವಳು ಅಲ್ಲಿ ಇರಲಿ.

ನಿಶಿ ಕಸಾಯ್ ನಿವಾಸಿ, ಟೋಕಿಯೊ

ಮೇಷ್ಟ್ರು ಹೇಳಿದ್ದು ಬಹಳ ಸರಿ. ವ್ಯವಹಾರದ ಒಂದೆರಡು ಮಾತು ಸೇರಿಸುತ್ತೇನೆ. ಮೊದಲು ತರಗತಿ ಶಿಕ್ಷಕರಿಗೆ ಪತ್ರ ಬರೆಯಿರಿ, ಆಮೇಲೆ ಶಿಸ್ತಿನ ಹೊಣೆ ಹೊತ್ತ ಶಿಕ್ಷಕರು ಮತ್ತು ಉಪ ಮುಖ್ಯೋಪಾಧ್ಯಾಯರು ಒಟ್ಟಿಗೆ ಕುಳಿತುಕೊಳ್ಳುವಂತೆ ಕೇಳಿ. ಇಲ್ಲಿ ನೇರವಾಗಿ ಮೇಲಿನವರ ಬಳಿ ಹೋದರೆ ಕೆಳಗಿನವರಿಗೆ ಮುಖಭಂಗವಾಗುತ್ತದೆ, ಕೆಲಸ ಕೆಡುತ್ತದೆ. ಓಲೆಯನ್ನು ಅಲಂಕಾರವೆಂದು ಹೇಳದೆ, ಶಿಶುವಾಗಿದ್ದಾಗ ಮನೆಯ ಹಿರಿಯರು ಮಾಡಿಸಿದ ಸಂಸ್ಕಾರ ಎಂದು ವಿವರಿಸಿ. ಒಪ್ಪಿದ್ದನ್ನು ಬರಹದಲ್ಲಿ ಕೇಳಿ, ಏಕೆಂದರೆ ಏಪ್ರಿಲ್‌ನಲ್ಲಿ ಶಿಕ್ಷಕರ ವರ್ಗಾವಣೆ ಆಗುತ್ತದೆ. ಇಂದು ಒಪ್ಪಿದವರು ನಾಳೆ ಆ ಶಾಲೆಯಲ್ಲಿ ಇಲ್ಲದಿರಬಹುದು.

ಹಾಸನದ ಮಗಳು, ಹ್ಯೋಗೊ ಪ್ರಾಂತ

ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ಶಾಲೆಗೆ ಹೋಗಿ ಬಂದೆವು, ಮಗಳೂ ಜೊತೆಗಿದ್ದಳು.

ಇಬ್ಬರು ಶಿಕ್ಷಕರು ಮತ್ತು ಉಪ ಮುಖ್ಯೋಪಾಧ್ಯಾಯರು ಕುಳಿತಿದ್ದರು. ನಾನು ಬರೆದುಕೊಂಡು ಹೋಗಿದ್ದನ್ನು ಓದಿದೆ. ಕಿವಿ ಚುಚ್ಚಿಸುವ ಶಾಸ್ತ್ರದ ಬಗ್ಗೆ ಹೇಳಿ, ಅಜ್ಜಿಯ ತೊಡೆಯ ಮೇಲಿನ ಆ ಫೋಟೊ ತೋರಿಸಿದೆ. ತೋರಿಸಿದೆ ಅಷ್ಟೇ, ಕೊಡಲಿಲ್ಲ. ಹಿರಿಯ ಶಿಕ್ಷಕರು ಅದನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ಶಾಲೆಯ ವೇಳೆಯಲ್ಲಿ ಚಿನ್ನದ ಓಲೆಯ ಬದಲು ಬಣ್ಣವಿಲ್ಲದ ಪ್ಲಾಸ್ಟಿಕ್ ಕಡ್ಡಿ ಹಾಕಿಕೊಳ್ಳಬಹುದು, ವ್ಯಾಯಾಮದ ತರಗತಿಯಲ್ಲಿ ಮಾತ್ರ ತೆಗೆಯಬೇಕು ಎಂದು ತೀರ್ಮಾನವಾಯಿತು. ಬರಹದಲ್ಲಿ ಕೇಳಿದೆ, ಕೊಡುತ್ತೇವೆ ಎಂದಿದ್ದಾರೆ. ಬಿಳಿ ಒಳಅಂಗಿಯ ಬಗ್ಗೆ ಕೇಳಿದಾಗ ಮಾತ್ರ ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಮುಂದಿನ ವರ್ಷ ಚರ್ಚಿಸುತ್ತೇವೆ ಎಂದರು. ಅದನ್ನು ನಾನು ಬಿಟ್ಟುಬಿಡುವುದಿಲ್ಲ.

ಕೂದಲಿನ ನಮೂನೆಯನ್ನು ರದ್ದುಮಾಡಲು ಅವರು ಒಪ್ಪಲಿಲ್ಲ. ಅದಿಲ್ಲದಿದ್ದರೆ ಹೊಸ ಶಿಕ್ಷಕರು ಪ್ರತಿ ಸಲವೂ ಮಗುವನ್ನೇ ಪ್ರಶ್ನಿಸುತ್ತಾರೆ, ಕಾಗದ ಇದ್ದರೆ ಅವಳಿಗೇ ರಕ್ಷಣೆ ಎಂದು ವಾದಿಸಿದರು. ಆ ವಾದದಲ್ಲಿ ಪ್ರಾಮಾಣಿಕತೆ ಇದೆ ಎಂದು ನನಗೆ ಅನಿಸಿತು, ಆದರೂ ಮನಸ್ಸು ಒಪ್ಪಲಿಲ್ಲ. ಪ್ರಶ್ನೆ ಕೇಳುವವರನ್ನು ತಿದ್ದುವ ಬದಲು ಮಗುವಿನ ಕೈಗೆ ಚೀಟಿ ಕೊಡುವುದು ಯಾವ ರಕ್ಷಣೆ? ಕೊನೆಗೆ ಫೋಟೊ ಬೇಡ, ಒಂದು ಸಾಲು ವಿವರಣೆ ಸಾಕು ಎಂಬಲ್ಲಿಗೆ ನಿಂತಿತು. ಆಗ ಮಗಳು, ಅಲ್ಲಿಯವರೆಗೆ ಒಂದು ಮಾತನ್ನೂ ಆಡದವಳು, ಆ ಸಾಲನ್ನು ನಾನೇ ಬರೆಯಬಹುದೇ ಎಂದು ಜಪಾನಿಯಲ್ಲಿ ಕೇಳಿದಳು. ಪೋಷಕರು ಬರೆಯುವ ಜಾಗ ಅದು ಎಂದು ಕಿರಿಯ ಶಿಕ್ಷಕಿ ಹೇಳತೊಡಗಿದರು. ಹಿರಿಯರು ಪೆನ್ನನ್ನು ಅವಳ ಮುಂದೆ ಸರಿಸಿದರು.

ಅವಳು ಬರೆದದ್ದು ಇಷ್ಟು: "ನನ್ನ ಕೂದಲು ಹುಟ್ಟಿದಾಗಿನಿಂದ ಹೀಗೆಯೇ ಇದೆ. ಹಾಸನದಲ್ಲಿರುವ ನನ್ನ ಅಜ್ಜಿಯ ಕೂದಲೂ ಹೀಗೆಯೇ." ಕೆಳಗೆ ನಾನು ಮುದ್ರೆ ಒತ್ತಿದೆ.